ಪದರು ಕರ್ಚಿಕಾಯಿ: ಕಣಕ, ತುಪ್ಪ ಮತ್ತು ಉಗಿ

ಧಾರವಾಡ ಜಿಲ್ಲೆಯ ಎರೆಸೀಮೆಯಲ್ಲಿ, ಶಲವಡಿ, ಅಣ್ಣಿಗೇರಿ, ನವಲಗುಂದಗಳ ಸುತ್ತಿನ ಊರುಗಳಲ್ಲಿ, ಹಬ್ಬ ಸಮೀಪಿಸಿತೆಂದರೆ ಕರ್ಚಿಕಾಯಿಯ ಸಿದ್ಧತೆ ತೊಡಗುತ್ತದೆ. ಸಾದಾ ಕರ್ಚಿಕಾಯಿಯನ್ನು ಮಾಡಬಲ್ಲವರು ಮನೆಗೊಬ್ಬರಾದರೂ ಇರುತ್ತಾರೆ. ಆದರೆ ಬಾಯಲ್ಲಿಟ್ಟೊಡನೆ ಹಾಳೆಹಾಳೆಯಾಗಿ ಬಿಡಿಸಿಕೊಳ್ಳುವ ಪದರು ಕರ್ಚಿಕಾಯಿ ಎಲ್ಲರಿಗೂ ಒಲಿಯುವುದಿಲ್ಲ. ಒಮ್ಮೆ ಅದು ಚರ್ಮದಂತೆ ಬಿರುಸಾಗುತ್ತದೆ. ಇನ್ನೊಮ್ಮೆ ಎಣ್ಣೆಯಲ್ಲಿ ಬಾಯಿ ಬಿಟ್ಟು, ಹೂರಣವೆಲ್ಲ ಚೆಲ್ಲಿ, ಎಣ್ಣೆಯನ್ನೂ ಕೆಡಿಸುತ್ತದೆ. ತುಪ್ಪ, ಕೊಬ್ಬರಿ, ಸಕ್ಕರೆಗಳಿಗೆ ಹಣ ತೆತ್ತ ಸಂಸಾರಕ್ಕೆ ಇದು ಸಣ್ಣ ಹಾನಿಯಲ್ಲ.

ಚೆನ್ನಾಗಿ ಮಾಡುವವರನ್ನು ಕಂಡರೆ "ಅದು ಅವರ ಕೈಗುಣ" ಎಂದು ಹೇಳಿ ಸುಮ್ಮನಾಗುವುದು ರೂಢಿ. ಆದರೆ ಕೈಗುಣವನ್ನು ಒಬ್ಬರು ಇನ್ನೊಬ್ಬರಿಗೆ ಬರೆದು ಕೊಡಲು ಬಾರದು. ಬಲ್ಲ ಅಜ್ಜಿ ತೀರಿಕೊಂಡ ಮೇಲೆ ಆ ಮನೆಯ ಪದರು ಕರ್ಚಿಕಾಯಿಯೂ ಅಲ್ಲಿಗೇ ನಿಲ್ಲುತ್ತದೆ. ಆದುದರಿಂದ ಈ ಕೈಗುಣದಲ್ಲಿ ಅಡಗಿರುವ ಭೌತ, ರಸಾಯನ ನಿಯಮಗಳಾವುವು ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ. ಕಾರಣ ತಿಳಿದರೆ ಹೊಸಬರ ಕೈಗೂ ಗುಣ ಬರುವುದು ಕಷ್ಟವಲ್ಲ.

ಎರಡು ದೇಶ, ಒಂದು ಉಪಾಯ

ಭಾದ್ರಪದ, ಆಶ್ವೀಜಗಳ ಸುಮಾರಿನ ಒಂದು ಹುಣ್ಣಿಮೆಯಂದು ಚೀನೀಯರು ಚಂದ್ರೋತ್ಸವವನ್ನು ಆಚರಿಸುತ್ತಾರೆ. ಆಗ ಸೂಝೌ ನಗರದ ಕಡೆಯವರು ಹೂರಣ ತುಂಬಿದ ದುಂಡನೆಯ ಪದರು ಭಕ್ಷ್ಯವನ್ನು ಮಾಡುತ್ತಾರೆ. ಅದಕ್ಕೆ ಬೇಕಾದುದು ಎರಡು ಬಗೆಯ ಹಿಟ್ಟು. ಗೋದಿಯ ಹಿಟ್ಟಿಗೆ ನೀರನ್ನೂ ಸ್ವಲ್ಪ ಜಿಡ್ಡನ್ನೂ ಸೇರಿಸಿ ನಾದಿದ್ದು ಒಂದು; ನೀರನ್ನು ಸೋಂಕಿಸದೆ ಬರಿಯ ಜಿಡ್ಡಿನಲ್ಲಿ ಹಿಟ್ಟನ್ನು ಕಲಸಿದ್ದು ಇನ್ನೊಂದು. ಮೊದಲನೆಯದನ್ನು ಹೋಳಿಗೆಯ ಕಣಕದಂತೆ ಹರಡಿ, ಎರಡನೆಯದನ್ನು ಅದರೊಳಗೆ ತುಂಬಿ, ಲಟ್ಟಿಸಿ, ಮಡಿಚಿ, ಮತ್ತೆ ಲಟ್ಟಿಸುತ್ತಾರೆ.

ನಮ್ಮ ಚಿರೋಟಿಯನ್ನೂ ಪದರು ಕರ್ಚಿಕಾಯಿಯನ್ನೂ ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ನಾವು ಕಣಕದ ಹಾಳೆಗಳ ಮೇಲೆ ತುಪ್ಪ, ಅಕ್ಕಿಹಿಟ್ಟುಗಳ ಲೇಪವನ್ನು ಸವರಿ, ಒಂದರ ಮೇಲೊಂದಿಟ್ಟು, ಚಾಪೆಯಂತೆ ಸುತ್ತಿ, ತುಂಡರಿಸಿ ಲಟ್ಟಿಸುತ್ತೇವೆ. ಮರಾಠಿಯವರು ಈ ಲೇಪವನ್ನು ಸಾಟಾ ಎನ್ನುತ್ತಾರೆ. ಚೀನೀಯರು ಒಂದನ್ನು ಇನ್ನೊಂದರಲ್ಲಿ ತುಂಬುತ್ತಾರೆ, ನಾವು ಒಂದನ್ನು ಇನ್ನೊಂದರ ಮೇಲೆ ಸವರುತ್ತೇವೆ. ತತ್ತ್ವ ಎರಡೂ ಕಡೆ ಒಂದೇ: ಹಿಗ್ಗುವ ಹಿಟ್ಟಿನ ಹಾಳೆಗಳ ನಡುವೆ ಹಿಗ್ಗದ, ಅಂಟದ ಜಿಡ್ಡಿನ ಹಾಳೆಗಳನ್ನು ನಿಲ್ಲಿಸುವುದು.

ಗೋದಿಯ ಬಲೆ

ಗೋದಿಯ ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಅದು ಎಳೆದರೆ ಎಳೆಯಾಗುತ್ತದೆ. ಅಕ್ಕಿಯ ಹಿಟ್ಟು ಹಾಗಾಗುವುದಿಲ್ಲ. ಗೋದಿಯಲ್ಲಿ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಸಸಾರಜನಕಗಳಿವೆ. ನೀರು ಕುಡಿದು, ನಾದುವಿಕೆಗೆ ಸಿಕ್ಕಾಗ ಇವೆರಡೂ ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುತ್ತವೆ. ಮೊದಲನೆಯದು ಕಣಕಕ್ಕೆ ಹಿಗ್ಗುವ ಗುಣವನ್ನೂ, ಎರಡನೆಯದು ಬಿಗಿಯನ್ನೂ ಕೊಡುತ್ತದೆ. ಈ ಬಲೆಯಿಲ್ಲದಿದ್ದರೆ ಕಾಗದದಷ್ಟು ತೆಳ್ಳನೆಯ ಹಾಳೆಯನ್ನು ಲಟ್ಟಿಸುವುದು ಅಸಾಧ್ಯ.

ಆದರೆ ಎಲ್ಲ ಗೋದಿಯ ಬಲೆಯೂ ಒಂದೇ ಬಗೆಯದಲ್ಲ. ಎರೆಭೂಮಿಯಲ್ಲಿ ಹಿಂಗಾರಿ ಬೆಳೆಯಾಗಿ ತಲೆತಲಾಂತರದಿಂದ ಬಂದವು ಗಟ್ಟಿಕಾಳಿನ ಡ್ಯೂರಂ ಗೋದಿ ಮತ್ತು ಸದಕ ಅಥವಾ ಜವೆಗೋದಿಯೆಂದು ಕರೆಯುವ ಡೈಕೋಕಂ ಗೋದಿ. ಇವುಗಳ ಜೀವಕೋಶದಲ್ಲಿ ವರ್ಣತಂತುಗಳು 28. ಮೈದಾ ಹಿಟ್ಟಿಗೆ ಒದಗುವ ರೊಟ್ಟಿಗೋದಿಯಲ್ಲಿ 42. ಹೆಚ್ಚಿನ ಆ 14 ವರ್ಣತಂತುಗಳ ಜೊತೆಗೆ ಕಣಕವನ್ನು ಚೆನ್ನಾಗಿ ಹಿಗ್ಗಿಸುವ ಸಸಾರಜನಕಗಳೂ ಬಂದಿವೆ. ಅವಿಲ್ಲದ ಗಟ್ಟಿಗೋದಿಯ ರವೆಯು ನಿಧಾನವಾಗಿ ನೀರು ಕುಡಿಯುತ್ತದೆ. ಎಳೆದರೆ ಬೇಗ ಹರಿಯುತ್ತದೆ. ಹಿರಿಯರು ರವೆಯ ಕಣಕವನ್ನು ಒಂದೆರಡು ತಾಸು ನೆನೆಯಿಟ್ಟು, ಬಳಿಕ ಒರಳಲ್ಲಿಯೋ ಕಲ್ಲಿನ ಮೇಲೆಯೋ ಕುಟ್ಟುತ್ತಿದ್ದುದು ಇದಕ್ಕಾಗಿ. ನೆನೆಯುವಾಗ ನೀರು ಕಾಳಿನ ಒಳಕ್ಕೆ ಹೋಗುತ್ತದೆ. ಕುಟ್ಟಿದಾಗ ಬಲೆ ಹೆಣೆದುಕೊಳ್ಳುತ್ತದೆ. ಕುಟ್ಟುವ ಶ್ರಮ ಬೇಡವೆನ್ನುವವರು ಅರ್ಧ ಚಿರೋಟಿ ರವೆ, ಅರ್ಧ ಮೈದಾ ಹಿಟ್ಟನ್ನು ಕೂಡಿಸಿಕೊಳ್ಳಬಹುದು.

ಅಳತೆ

ಸುಮಾರು 24 ಕರ್ಚಿಕಾಯಿಗಳಿಗೆ ಚಿರೋಟಿ ರವೆ ಅಥವಾ ಮೇಲಿನ ಮಿಶ್ರಣ 250 ಗ್ರಾಂ, ಬಿಸಿ ಮಾಡಿದ ತುಪ್ಪ 25 ಗ್ರಾಂ, ಚಿಟಿಕೆ ಉಪ್ಪು, ನೀರು ಸುಮಾರು 120 ಮಿಲಿಲೀಟರ್ ಬೇಕು. ತುಪ್ಪವನ್ನು ಮೊದಲು ಹಿಟ್ಟಿಗೆ ಹಚ್ಚಿ, ಆಮೇಲೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಗಟ್ಟಿಯಾಗಿ ಕಲಸಿ, ತೊಯ್ದ ಬಟ್ಟೆ ಮುಚ್ಚಿ ಎರಡು ತಾಸು ಇಡಬೇಕು. ಲೇಪಕ್ಕೆ ತುಪ್ಪ 60 ಗ್ರಾಂ, ಬಟ್ಟೆಯಲ್ಲಿ ಗಾಳಿಸಿದ ಅಕ್ಕಿಹಿಟ್ಟು 40 ಗ್ರಾಂ.

ಲೇಪಕ್ಕೆ ಅಕ್ಕಿಹಿಟ್ಟೇ ಏಕೆ? ಅದರಲ್ಲಿ ಗ್ಲುಟೆನ್ ಇಲ್ಲ. ಪಕ್ಕದ ಕಣಕದಿಂದ ಅಲ್ಪಸ್ವಲ್ಪ ನೀರು ತಗಲಿದರೂ ಬಲೆ ಹುಟ್ಟುವುದಿಲ್ಲ. ಬರಿಯ ತುಪ್ಪವನ್ನು ಸವರಿದರೆ ಲಟ್ಟಣಿಗೆಯ ಒತ್ತಡಕ್ಕೆ ಅದು ಅಂಚಿನಿಂದ ಹೊರಕ್ಕೆ ಜಾರುತ್ತದೆ. ಹಿಟ್ಟಿನ ಕಣಗಳು ತುಪ್ಪವನ್ನು ತಮ್ಮ ನಡುವೆ ಹಿಡಿದು ನಿಲ್ಲಿಸುತ್ತವೆ.

ತುಪ್ಪದ ಹದವೂ ಮುಖ್ಯ. ತುಪ್ಪವು ಒಂದೇ ಬಗೆಯ ವಸ್ತುವಲ್ಲ. ಬೇರೆ ಬೇರೆ ಉಷ್ಣತಾಮಾನಗಳಲ್ಲಿ ಕರಗುವ ಹಲವು ಜಿಡ್ಡುಗಳ ಮಿಶ್ರಣ. ಸುಮಾರು 30 ಅಂಶ ಸೆಂಟಿಗ್ರೇಡಿನಿಂದಾಚೆಗೆ ಅದು ಬೇಗ ಬೇಗ ದ್ರವವಾಗುತ್ತದೆ. ಬೇಸಗೆಯ ಮಧ್ಯಾಹ್ನ ಮಾಡಿದ ಪದರು ನಿಲ್ಲದಿರುವುದಕ್ಕೆ ಇದೇ ಕಾರಣ. ತುಪ್ಪದ ತಟ್ಟೆಯನ್ನು ತಣ್ಣೀರಿನ ಮೇಲಿಟ್ಟು ಅಂಗೈಯಿಂದ ಉಜ್ಜುತ್ತ ಹೋದರೆ ಅದರ ಹರಳುಗಳು ನುಣ್ಣಗಾಗಿ, ಗಾಳಿ ಸೇರಿ, ಬೆಣ್ಣೆಯಂತೆ ಬೆಳ್ಳಗಾಗುತ್ತದೆ. ಆಗ ಅಕ್ಕಿಹಿಟ್ಟನ್ನು ಬೆರೆಸಬೇಕು. ಇಷ್ಟರಲ್ಲಿ ಪರೀಕ್ಷೆಯೊಂದನ್ನು ಮಾಡತಕ್ಕದ್ದು: ಕಣಕವನ್ನೂ ಲೇಪವನ್ನೂ ಬೆರಳಿಂದ ಒತ್ತಿ ನೋಡಿರಿ. ಕಣಕವು ಕಲ್ಲಿನಂತೆಯೂ ಲೇಪವು ನೀರಿನಂತೆಯೂ ಇದ್ದರೆ ಲೇಪ ಹೊರಗೆ ಹರಿಯುತ್ತದೆ. ಲೇಪವೇ ಗಟ್ಟಿಯಾಗಿದ್ದರೆ ಅದರ ತುಣುಕುಗಳು ಕಣಕವನ್ನು ಹರಿಯುತ್ತವೆ. ಎರಡರ ಮೃದುತ್ವವೂ ಹೆಚ್ಚು ಕಡಮೆ ಸರಿಸಮವಾಗಿರುವುದೇ ಈ ಕೆಲಸದ ಗುಟ್ಟು.

ಪದರುಗಳ ಗಣಿತ

ಕಣಕವನ್ನು ಆರು ಉಂಡೆ ಮಾಡಿ, ಒಂದೊಂದನ್ನೂ 25 ಸೆಂಟಿಮೀಟರ್ ಅಗಲದ ಹಾಳೆಯಾಗಿ ಲಟ್ಟಿಸಿರಿ. ಮೂರು ಹಾಳೆಗಳನ್ನು ನಡುನಡುವೆಯೂ ಮೇಲೂ ಲೇಪ ಸವರಿ ಒಂದರ ಮೇಲೊಂದಿಟ್ಟು ಬಿಗಿಯಾಗಿ ಸುತ್ತಿದರೆ, ಸುರುಳಿಯಲ್ಲಿ ಸುಮಾರು ನಾಲ್ಕು ಸುತ್ತುಗಳು ಬೀಳುತ್ತವೆ. ಉಳಿದ ಮೂರರಿಂದ ಇನ್ನೊಂದು ಸುರುಳಿ. ಒಂದೊಂದನ್ನೂ 2 ಸೆಂಟಿಮೀಟರ್ ಉದ್ದಕ್ಕೆ ಕೊಯ್ದರೆ ಹನ್ನೆರಡು ತುಂಡುಗಳಾಗುತ್ತವೆ.

ತುಂಡನ್ನು ಅಡ್ಡ ಮಲಗಿಸಿ ನಡುವೆ ಸೀಳಿದಂತೆ ಊಹಿಸಿರಿ. ಮಧ್ಯದ ಮೇಲ್ಗಡೆ ನಾಲ್ಕು ಸುತ್ತು, ಕೆಳಗಡೆ ನಾಲ್ಕು. ಸುತ್ತಿಗೆ ಮೂರು ಹಾಳೆ. ಒಟ್ಟು 24 ಪದರುಗಳಾದವು. ಇದನ್ನು 2 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿದರೆ ಒಂದೊಂದು ಪದರಿನ ಪಾಲಿಗೆ ಸುಮಾರು 0.08 ಮಿಲಿಮೀಟರ್ ಬರುತ್ತದೆ. ಅದು ಪುಸ್ತಕದ ಕಾಗದದಷ್ಟು ದಪ್ಪ.

ಹಾಗಾದರೆ ಪದರುಗಳನ್ನು ಇನ್ನೂ ಹೆಚ್ಚಿಸಬಾರದೇ? ಚೀನೀಯರಂತೆ ಮೂರು ಮಡಿಕೆ ಹಾಕುತ್ತ ಹೋದರೆ ಒಂದು ಮೂರಾಗಿ, ಒಂಬತ್ತಾಗಿ, 27 ಆಗಿ, ಮುಂದಿನ ಮಡಿಕೆಗೆ 81 ಆಗುತ್ತದೆ. ಆದರೆ 2 ಮಿಲಿಮೀಟರನ್ನು 81 ಪಾಲು ಮಾಡಿದರೆ ಒಂದು ಪದರಿಗೆ 0.025 ಮಿಲಿಮೀಟರ್ ಮಾತ್ರ ಉಳಿಯುತ್ತದೆ. ಗೋದಿಯ ದೊಡ್ಡ ಪಿಷ್ಟಕಣದ ಅಡ್ಡಗಲವೂ ಹೆಚ್ಚು ಕಡಮೆ ಅಷ್ಟೇ! ಹಾಳೆಯು ತನ್ನ ಕಾಳಿನಷ್ಟೇ ತೆಳ್ಳಗಾದಾಗ ಅಲ್ಲಲ್ಲಿ ಹರಿದು, ಪಕ್ಕದ ಹಾಳೆಗೆ ಅಂಟಿ, ಪದರುಗಳೆಲ್ಲ ಮತ್ತೆ ಒಂದೇ ಮುದ್ದೆಯಾಗುತ್ತವೆ. ಅತಿಯಾಗಿ ಮಡಿಚಿದ ಭಕ್ಷ್ಯವು ಪದರು ಬಿಡದೆ ಬರಿದೆ ಪುಡಿಪುಡಿಯಾಗುವುದು ಇದರಿಂದ.

ತುಂಡನ್ನು ಕೊಯ್ದ ಮುಖ ಮೇಲಾಗಿ ಒತ್ತಿದರೆ ಚಿರೋಟಿಯಲ್ಲಿ ಕಾಣುವಂತಹ ಸುರುಳಿ ಗೆರೆಗಳು ಹೊರಗೆ ಕಾಣುತ್ತವೆ. ಅಡ್ಡ ಮಲಗಿಸಿ ಒತ್ತಿದರೆ ಪದರುಗಳು ಒಳಗೇ ಅಡಗುತ್ತವೆ. ಚೀನದ ಅಡಿಗೆಯವರು ಇವನ್ನು ಮಿಂಗ್‌ಸೂ, ಆನ್‌ಸೂ ಎಂದು, ಅಂದರೆ ತೋರುವ ಪದರು, ಅಡಗಿದ ಪದರು ಎಂದು ವಿಂಗಡಿಸುತ್ತಾರೆ. ತೋರುವ ಪದರಿನಲ್ಲಿ ಗೆರೆಗಳ ಸಂದಿಯಿಂದ ಹೂರಣ ಹೊರಬೀಳುವ ಭಯವುಂಟು. ಹೊಸದಾಗಿ ಕಲಿಯುವವರು ಅಡ್ಡ ಮಲಗಿಸಿ ಲಟ್ಟಿಸುವುದು ಲೇಸು.

ಹೂರಣ

ಸಣ್ಣಗೆ ತುರಿದು ಬೆಚ್ಚಗೆ ಹುರಿದ ಒಣಕೊಬ್ಬರಿ 100 ಗ್ರಾಂ, ಪುಟಾಣಿಯ ಹಿಟ್ಟು 75 ಗ್ರಾಂ, ಸಕ್ಕರೆಯ ಪುಡಿ 100 ಗ್ರಾಂ, ಹುರಿದ ಎಳ್ಳು, ಗಸಗಸೆ ಒಂದೊಂದು ಚಮಚ, ನಾಲ್ಕು ಏಲಕ್ಕಿ. ಪುಟಾಣಿಗೆ ಕಡಲೆಯನ್ನು ಹೊರಗೆ ಹುಡುಕಬೇಕಾಗಿಲ್ಲ. ಇದೇ ಸೀಮೆಯ ಊರಿನ ಹೆಸರನ್ನು ಹೊತ್ತ ಅಣ್ಣಿಗೇರಿ-1 ಎಂಬ ಕಡಲೆಯ ತಳಿ 1978ರಲ್ಲಿ ಬಿಡುಗಡೆಯಾಗಿ ನಾಡಿನಾಚೆಗೂ ಹೆಸರಾಯಿತು.

ಹೂರಣವು ಒಣಗಿರಬೇಕು. ಒಂದು ಹನಿ ನೀರು ಉಗಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹಸಿಕಾಯಿಯ ಹೂರಣದಲ್ಲಿ ಹುಟ್ಟುವ ಉಗಿಗೆ ಹೊರದಾರಿ ಇಲ್ಲದ್ದರಿಂದ ಅದು ಅಂಚನ್ನು ಒಡೆದು ಹೊರಬೀಳುತ್ತದೆ. ಒಡೆಯದೆ ಉಳಿದುದರಲ್ಲಿಯೂ ತೇವವು ನಿಧಾನವಾಗಿ ಪದರಿಗೆ ಸರಿದು ಮರುದಿನವೇ ಮೆತ್ತಗಾಗಿಸುತ್ತದೆ. ಬೆಲ್ಲವು ಸಕ್ಕರೆಗಿಂತ ಹೆಚ್ಚಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ, ಬಹುದಿನ ಇಡತಕ್ಕವಕ್ಕೆ ಸಕ್ಕರೆಯೇ ಮೇಲು. ಚೀನೀಯರು ಕೆಂಪು ಕಾಳನ್ನು ಬೇಯಿಸಿ ಅರೆದು, ಸಕ್ಕರೆ ಮತ್ತು ಜಿಡ್ಡು ಸೇರಿಸಿ, ತಳ ಬಿಡುವವರೆಗೆ ಕೆದಕಿ ನೀರನ್ನು ಆರಿಸುವುದೂ ಇದೇ ಕಾರಣದಿಂದ.

ಹೂರಣವನ್ನು ಒಂದೂವರೆ ಚಮಚಕ್ಕಿಂತ ಹೆಚ್ಚಿಡದೆ, ಅಂಚಿಗೆ ಹಾಲು ಸವರಿ, ಗಾಳಿಯನ್ನು ಒತ್ತಿ ತೆಗೆದು ಮುಚ್ಚಬೇಕು. ಅಂಚಿಗೆ ಲೇಪದ ಜಿಡ್ಡು ತಗಲಿದ್ದರೆ ಎಷ್ಟು ಒತ್ತಿದರೂ ಅಂಟುವುದಿಲ್ಲ. ಪದರನ್ನು ಬಿಡಿಸುವ ಗುಣವೇ ಅಲ್ಲಿ ಬಾಯಿಯನ್ನೂ ಬಿಡಿಸುತ್ತದೆ.

ಬಾಣಲೆಯಲ್ಲಿ ನಡೆಯುವುದೇನು?

ಎಣ್ಣೆ ಶೇಂಗಾದ್ದಾಗಲಿ ಕುಸುಬಿಯದಾಗಲಿ, 150ರಿಂದ 160 ಅಂಶದ ಒಳಗಿರಬೇಕು. ಕಣಕದ ಚೂರನ್ನು ಹಾಕಿದರೆ ತಳಕ್ಕೆ ಹೋಗಿ, ಮೂರು ನಾಲ್ಕು ಕ್ಷಣಗಳಲ್ಲಿ ಮೆಲ್ಲಗೆ ಮೇಲೇಳುವುದು ಇದರ ಗುರುತು. ಆಗ ಕಣಕದ ಹಾಳೆಗಳಲ್ಲಿರುವ ನೀರು ಉಗಿಯಾಗಿ ಹೊರಬರುತ್ತದೆ. ನಡುವೆ ತುಪ್ಪ ಕರಗಿರುವುದರಿಂದ ಹಾಳೆಗಳು ಒಂದಕ್ಕೊಂದು ಅಂಟಿಲ್ಲ. ಉಗಿಯು ಅವನ್ನು ಎತ್ತಿ ಅಗಲಿಸುತ್ತದೆ. ಅಷ್ಟರಲ್ಲಿ ಕಾವಿಗೆ ಗ್ಲುಟೆನ್ ಗಟ್ಟಿಯಾಗಿ, ಪಿಷ್ಟ ಬೆಂದು, ಎತ್ತಿದ ಹಾಳೆ ಎತ್ತಿದಂತೆಯೇ ನಿಲ್ಲುತ್ತದೆ. ಎಣ್ಣೆ ತೀರ ಕಾದಿದ್ದರೆ ಉಗಿ ಏಳುವ ಮುನ್ನವೇ ಹೊರಮೈ ಬಿಗಿದು ಒಳಗೆ ಹಸಿಯುಳಿಯುತ್ತದೆ. ಕಾವು ಸಾಲದಿದ್ದರೆ ಹಾಳೆ ಗಟ್ಟಿಯಾಗುವ ಮೊದಲೇ ತುಪ್ಪ ಸೋರಿ, ಆ ಜಾಗಕ್ಕೆ ಎಣ್ಣೆ ನುಗ್ಗುತ್ತದೆ. ಆದುದರಿಂದ ಐದಾರು ನಿಮಿಷ ತಾಳ್ಮೆಯಿಂದ, ಒಮ್ಮೆಗೆ ನಾಲ್ಕೈದನ್ನು ಮಾತ್ರ ಕರಿಯಬೇಕು. ಪೂರ್ಣ ಆರುವವರೆಗೆ ಡಬ್ಬಿಗೆ ತುಂಬಬಾರದು. ಒಳಗೆ ಉಳಿದ ಉಗಿ ಮುಚ್ಚಳಕ್ಕೆ ತಾಗಿ ನೀರಾಗುತ್ತದೆ.

ಅಗ್ಗದ ಜಿಡ್ಡಿನ ಪ್ರಶ್ನೆ

ತುಪ್ಪ ದುಬಾರಿಯಾದಾಗ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ವನಸ್ಪತಿಯು ಅದರ ಜಾಗಕ್ಕೆ ಬಂದಿತು. ದ್ರವದ ಎಣ್ಣೆಗೆ ಜಲಜನಕವನ್ನು ಸೇರಿಸಿ ಗಟ್ಟಿಯಾಗಿಸುವ ಈ ವಿಧಾನಕ್ಕೆ 1902ರಲ್ಲಿ ಜರ್ಮನಿಯ ವಿಲ್ಹೆಲ್ಮ್ ನೋರ್ಮನ್ ಎಂಬ ರಸಾಯನಜ್ಞನು ಹಕ್ಕುಪತ್ರ ಪಡೆದನು. ಪದರಿಗೆ ಅದು ಚೆನ್ನಾಗಿ ಒಗ್ಗಿದರೂ, ಜಲಜನಕವನ್ನು ಅರೆಬರೆಯಾಗಿ ಸೇರಿಸಿದಾಗ ಟ್ರಾನ್ಸ್ ಕೊಬ್ಬುಗಳು ಹುಟ್ಟುತ್ತವೆ. ಇವು ರಕ್ತದಲ್ಲಿ ಕೆಟ್ಟ ಕೊಲೆಸ್ಟೆರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸಿ ಹೃದ್ರೋಗಕ್ಕೆ ದಾರಿ ಮಾಡುತ್ತವೆ. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ಜಿಡ್ಡುಗಳಲ್ಲಿ ಟ್ರಾನ್ಸ್ ಕೊಬ್ಬು ನೂರಕ್ಕೆ ಎರಡು ಪಾಲನ್ನು ಮೀರಬಾರದೆಂದು ಕಟ್ಟಳೆಯಾಗಿದೆ.

ತುಪ್ಪ ಕೊಳ್ಳಲಾಗದ ಮನೆಗೆ ಚೀನದ ಕ್ರಮವು ಒಂದು ದಾರಿ ತೋರುತ್ತದೆ. ಎರಡು ಪಾಲು ಹಿಟ್ಟಿಗೆ ಒಂದು ಪಾಲು ಎಣ್ಣೆಯನ್ನು ತೂಕದ ಮೇಲೆ ಕಲಸಿದರೆ, ಅದು ಸೋರದ ಮೆತ್ತನೆಯ ಉಂಡೆಯಾಗುತ್ತದೆ. ದ್ರವದ ಎಣ್ಣೆಯಾದರೂ ಹಿಟ್ಟಿನ ಕಣಗಳ ನಡುವೆ ಸಿಕ್ಕಿ ಅಲುಗದೆ ನಿಲ್ಲುವುದರಿಂದ, ಗಟ್ಟಿ ಜಿಡ್ಡಿನ ಅಗತ್ಯವೇ ಬೀಳುವುದಿಲ್ಲ. ಈ ಉಂಡೆಯನ್ನು ಕಣಕದಲ್ಲಿ ತುಂಬಿ, ಲಟ್ಟಿಸಿ, ಎರಡು ಸಲ ಮೂರು ಮಡಿಕೆ ಹಾಕಿದರೆ ಸಾಕು. ತುಪ್ಪದ ಪರಿಮಳ ಇದಕ್ಕೆ ಬಾರದು, ಪದರು ಬರುತ್ತದೆ.

ಓದುಗರು ಮಾಡಬಹುದಾದ ಕೆಲಸ

ಮನೆಯಲ್ಲಿ ಬಲ್ಲ ಹಿರಿಯರಿದ್ದರೆ ಅವರು ಈ ಸಲ ಕಣಕ ಕಲಸುವಾಗ ಒಂದು ತಕ್ಕಡಿಯನ್ನು ಹತ್ತಿರ ಇಡಿರಿ. ಅವರ ಒಂದು ಹಿಡಿ ರವೆ ಎಷ್ಟು ತೂಗುತ್ತದೆ, ಎಷ್ಟು ನೀರು ಹಿಡಿಯಿತು, ಎಷ್ಟು ಹೊತ್ತು ನೆನೆಯಿತು, ಎಷ್ಟು ಸುತ್ತು ಸುತ್ತಿದರು ಎಂಬುದನ್ನು ಬರೆದುಕೊಳ್ಳಿರಿ. ಪಾಕವನ್ನು ಬರೆದಿಡುವುದು ಕನ್ನಡಕ್ಕೆ ಹೊಸದಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನು ಲೋಕೋಪಕಾರದಲ್ಲಿ ಅಡಿಗೆಗೂ ಸ್ಥಳ ಕೊಟ್ಟನು. ಹದಿನಾರನೆಯ ಶತಮಾನದ ಮಂಗರಸನು ಸೂಪಶಾಸ್ತ್ರವೆಂಬ ಗ್ರಂಥವನ್ನೇ ರಚಿಸಿದನು. ಬರೆದುಕೊಂಡ ಅಳತೆಯಂತೆ ನೀವೇ ಮಾಡಿ, ಒಂದನ್ನು ಮುರಿದು, ಮುರಿದ ಅಂಚಿನಲ್ಲಿ ಪದರುಗಳನ್ನು ಎಣಿಸಿರಿ. ಲೆಕ್ಕಕ್ಕಿಂತ ಕಡಮೆ ಬಂದರೆ ಲೇಪದ ಮೃದುತ್ವ, ಕಣಕದ ನೆನೆ, ಎಣ್ಣೆಯ ಕಾವು ಈ ಮೂರನ್ನು ಒಂದೊಂದಾಗಿ ಬದಲಿಸಿ ನೋಡಿರಿ. ಎರಡನ್ನು ಒಮ್ಮೆಗೇ ಬದಲಿಸಿದರೆ ಯಾವುದರಿಂದ ಏನಾಯಿತೆಂಬುದು ತಿಳಿಯಲಾರದು.