ಕಂಪನದ ಮೂಲಶೋಧ: ಒಂದು ಸ್ಪೋರ್ಟ್ಸ್ ಕಾರಿನ ಲೆಕ್ಕಪರಿಶೋಧನೆ

ತಾಳೆಪಟ್ಟಿಯ ಎರಡು ಬದಿಗಳು ಕೂಡದಿದ್ದಾಗ ಅನುಭವಿ ಗುಮಾಸ್ತನು ಮೊದಲಿಗೇ ವೋಚರುಗಳ ಕಟ್ಟನ್ನು ಬಿಚ್ಚುವುದಿಲ್ಲ. ವ್ಯತ್ಯಾಸದ ಮೊತ್ತವನ್ನೇ ಕುಳಿತು ನೋಡುತ್ತಾನೆ. ಆ ಮೊತ್ತವು 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳ ಸ್ಥಾನಪಲ್ಲಟವನ್ನು ಶಂಕಿಸುತ್ತಾನೆ. 1,980 ರೂ. ಎಂಬುದನ್ನು 1,890 ಎಂದು ಬರೆದರೆ ವ್ಯತ್ಯಾಸವು 90. ವ್ಯತ್ಯಾಸದ ಅರ್ಧದಷ್ಟು ಮೊತ್ತದ ನಮೂದು ಎಲ್ಲಿಯಾದರೂ ಕಂಡುಬಂದರೆ, ಜಮೆಗೆ ಸೇರಬೇಕಾದುದು ಖರ್ಚಿಗೆ ಸೇರಿದೆಯೇ ಎಂದು ಪರೀಕ್ಷಿಸುತ್ತಾನೆ. ತಪ್ಪು ತನ್ನ ಗುರುತನ್ನು ತಾನೇ ಬಿಟ್ಟು ಹೋಗಿರುತ್ತದೆ ಎಂಬುದು ನಮ್ಮ ವೃತ್ತಿಯ ಮೊದಲ ಪಾಠ.

ಈ ಪಾಠವು ಯಂತ್ರಗಳಿಗೂ ಅನ್ವಯಿಸುತ್ತದೆ ಎಂಬುದನ್ನು ನಾನು ಅರಿತದ್ದು ಒಂದು ಕಾರಿನಿಂದ. ಲಾರಿ, ಜನರೇಟರು, ಮಿಲ್ಲಿನ ಮೋಟಾರುಗಳ ದುರಸ್ತಿಗೆ ವರ್ಷವಿಡೀ ಹಣ ತೆರುವ ನಮ್ಮ ವ್ಯಾಪಾರಿ ಬಂಧುಗಳಿಗೆ ಉಪಯುಕ್ತವಾದೀತೆಂದು ಅದರ ವಿವರವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಪ್ರಕರಣದ ಹಿನ್ನೆಲೆ

ನಮ್ಮ ಕಚೇರಿಯಲ್ಲಿ ಲೆಕ್ಕಪತ್ರ ಪರಿಶೋಧಿಸುವ ಸಂಸ್ಥೆಯೊಂದರ ಮಾಲೀಕರು ತಮ್ಮ ಮಗನ ಆಸೆಗೆ ಮಣಿದು, ಎರಡೇ ಆಸನಗಳ ಸ್ಪೋರ್ಟ್ಸ್ ಕಾರೊಂದನ್ನು ಎರಡನೆಯ ಕೈಯಿಂದ ಸಂಸ್ಥೆಯ ಹೆಸರಿನಲ್ಲಿ ಖರೀದಿಸಿದರು. ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ. ಹಿಂದಿನ ಮಾಲೀಕರು ಅಂದಕ್ಕಾಗಿ ಹಾಕಿಸಿದ್ದ ಬೇರೆ ಕಂಪನಿಯ ಅಲಾಯ್ ಚಕ್ರಗಳು. ಕಾರು ಬಂದ ದಿನದಿಂದಲೇ ಒಂದು ದೂರಿತ್ತು. ವೇಗವು ಗಂಟೆಗೆ 80 ಕಿ.ಮೀ. ದಾಟಿದೊಡನೆ ಸೀಟಿನ ಕೆಳಗೆ ನಡುಕ ಆರಂಭವಾಗಿ, 90ರ ಆಸುಪಾಸಿನಲ್ಲಿ ಹೆಚ್ಚುತ್ತಿತ್ತು.

ಮೊದಲನೆಯ ಅಂಗಡಿಯವರು ನಾಲ್ಕೂ ಚಕ್ರಗಳಿಗೆ ಬ್ಯಾಲೆನ್ಸಿಂಗ್ ಮಾಡಿಕೊಟ್ಟರು, ಗುಣ ಕಾಣಲಿಲ್ಲ. ಎರಡನೆಯವರು ಟೈರುಗಳೇ ದೋಷಪೂರಿತವೆಂದು ನಾಲ್ಕು ಹೊಸ ಟೈರುಗಳನ್ನು ಹಾಕಿದರು: 68,000 ರೂ. ನಡುಕ ನಿಂತಿತು, ಒಂದು ತಿಂಗಳ ನಂತರ ಮರಳಿತು. ಮೂರನೆಯವರು ಎಂಜಿನ್ ಮೌಂಟಿಂಗುಗಳನ್ನು ಬದಲಿಸಿ, ಹಿಂಭಾಗದ ಸಸ್ಪೆನ್ಷನ್ ಪರಿಶೀಲಿಸಿದರು: 41,500 ರೂ. ನಡುಕ ತಗ್ಗಿತು, ಕೆಲ ವಾರಗಳಲ್ಲಿ ಮೊದಲಿಗಿಂತ ಜೋರಾಯಿತು. ಮರು ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಇತ್ಯಾದಿಗಳಿಗೆ 9,300 ರೂ. ಒಟ್ಟು 1,18,800 ರೂ. ಇಂತಹ ಕಾರಿನ ದುರಸ್ತಿ ಸೇವೆಯ ಮೇಲೆ ತೆತ್ತ ಜಿ.ಎಸ್.ಟಿ.ಗೆ ಕೇಂದ್ರ ಕಾಯ್ದೆಯ 17(5)ನೇ ಕಲಮಿನ ನಿರ್ಬಂಧವಿರುವುದರಿಂದ, ತೆರಿಗೆಯ ಹೊರೆಯೂ ಸಂಸ್ಥೆಯ ಮೇಲೆಯೇ ಬಿತ್ತು.

ಮಾಲೀಕರ ಕೋಪವೆಲ್ಲ ಮೊದಲನೆಯ ಅಂಗಡಿಯವರ ಮೇಲೆ. "ಅವರು ಬ್ಯಾಲೆನ್ಸಿಂಗ್ ಸರಿಯಾಗಿ ಮಾಡಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಸಾರ್?" ಎಂಬುದು ಅವರ ವಾದ. ಆ ಅಂಗಡಿಗೆ ಕೊಡಬೇಕಿದ್ದ 3,100 ರೂ.ಗಳನ್ನು ತಡೆಹಿಡಿದಿದ್ದಲ್ಲದೆ, ನಷ್ಟಭರ್ತಿ ಕೋರಿ ನೋಟೀಸು ಕೊಡಿಸಲು ವಕೀಲರಿಗೆ ಟಿಪ್ಪಣಿ ಬರೆದುಕೊಡುವಂತೆ ನನ್ನನ್ನು ಕೇಳಿದರು. ನಾನೂ ಬಿಲ್ಲುಗಳ ಮೊತ್ತವನ್ನು ಕೂಡಿ, ಟಿಪ್ಪಣಿಯ ಕರಡನ್ನು ಸಿದ್ಧಪಡಿಸಿಬಿಟ್ಟೆ. ಅಲ್ಲಿ ನಾನು ತಪ್ಪಿದೆ. ಮೊತ್ತಗಳನ್ನು ಕೂಡಿದೆನೇ ಹೊರತು ದಿನಾಂಕಗಳನ್ನು ಓದಿರಲಿಲ್ಲ.

ದಿನಾಂಕಗಳು ಹೇಳಿದ ಸಂಗತಿ

ಟಿಪ್ಪಣಿಗೆ ಘಟನಾವಳಿಯನ್ನು ಜೋಡಿಸಲು ಕುಳಿತಾಗ ಜಾಬ್ ಕಾರ್ಡುಗಳನ್ನು ತರಿಸಿ, ಎಡಬದಿಯಲ್ಲಿ ಮಾಡಿದ ಕೆಲಸವನ್ನೂ ಬಲಬದಿಯಲ್ಲಿ ನಡುಕದ ಸ್ಥಿತಿಯನ್ನೂ ಬರೆದೆ. ಹೊಸ ಟೈರು ಹಾಕಿದ ದಿನ ನಡುಕ ನಿಂತಿದೆ; ಅದು ಮರಳಿದ್ದು ಹಿಂದಿನ ಎಡ ಚಕ್ರದ ಪಂಕ್ಚರ್ ತೆಗೆಸಿದ ದಿನ. ಮೌಂಟಿಂಗ್ ಬದಲಿಸಿದಾಗ ತಗ್ಗಿದೆ. ಅಂದೇ ಸಸ್ಪೆನ್ಷನ್ ಪರಿಶೀಲನೆಗಾಗಿ ಹಿಂದಿನ ಚಕ್ರಗಳನ್ನು ಕಳಚಲಾಗಿತ್ತು. ಮತ್ತೆ ಜೋರಾದದ್ದು ಬ್ರೇಕ್ ಪ್ಯಾಡ್ ನೋಡಿಸಿದ ದಿನ. ಅಂದೂ ಚಕ್ರ ಕಳಚಿದ್ದರು. ಯಾವ ಬಿಡಿಭಾಗ ಬದಲಾಯಿತು ಎಂಬುದಕ್ಕೂ ನಡುಕಕ್ಕೂ ಸಂಬಂಧವಿದ್ದಂತೆ ತೋರಲಿಲ್ಲ. ಚಕ್ರವನ್ನು ಕಳಚಿ ಮರಳಿ ಕೂರಿಸಿದಾಗಲೆಲ್ಲ ನಡುಕದ ಪ್ರಮಾಣ ಬದಲಾಗಿತ್ತು.

ಇದು ಸಾಕ್ಷ್ಯವಲ್ಲ, ಶಂಕೆ ಮಾತ್ರ. ಶಂಕೆಯನ್ನು ಪರೀಕ್ಷಿಸಬೇಕಾಗಿತ್ತು. ಎಂಜಿನ್ ಬೋರಿಂಗ್ ಮತ್ತು ಲೇತ್ ಕೆಲಸದಲ್ಲಿ ಬಹುಕಾಲದ ಅನುಭವವಿರುವ ಪರಿಚಿತ ಮೇಸ್ತ್ರಿಯವರ ನೆರವು ಪಡೆದೆವು.

ನಡುಕದ ಸಂಖ್ಯೆಯನ್ನು ಓದುವ ಬಗೆ

ಕಾರಿನಲ್ಲಿ ತಿರುಗುವ ಭಾಗಗಳೆಲ್ಲ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಆದುದರಿಂದ ಸೆಕೆಂಡಿಗೆ ಎಷ್ಟು ಬಾರಿ ನಡುಗುತ್ತಿದೆ ಎಂಬ ಸಂಖ್ಯೆಯು, ತಾಳೆಪಟ್ಟಿಯ ವ್ಯತ್ಯಾಸದಂತೆ, ದೋಷವಿರುವ ಖಾತೆಯತ್ತ ಬೊಟ್ಟು ಮಾಡುತ್ತದೆ.

ಈ ಕಾರಿನ ಟೈರಿನ ಅಳತೆ 225/45 ಆರ್ 17. ಅಂದರೆ ಅಗಲ 225 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 45, ರಿಮ್ಮಿನ ವ್ಯಾಸ 17 ಅಂಗುಲ. ಲೆಕ್ಕ ಹಾಕಿದರೆ ಒಟ್ಟು ವ್ಯಾಸ ಸುಮಾರು 634 ಮಿ.ಮೀ., ಸುತ್ತಳತೆ ಸುಮಾರು 1.99 ಮೀಟರ್. ಕಾರಿನ ಭಾರಕ್ಕೆ ಟೈರು ತುಸು ಅಮರುವುದರಿಂದ ಒಂದು ಸುತ್ತಿಗೆ 1.95 ಮೀಟರ್ ಕ್ರಮಿಸುತ್ತದೆಂದು ಹಿಡಿಯೋಣ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಆಗ:

1. ಚಕ್ರವು ಸೆಕೆಂಡಿಗೆ ಸುಮಾರು 13 ಸುತ್ತು ತಿರುಗುತ್ತದೆ.
2. ಹಿಂದಿನ ಅಚ್ಚಿನ ಗೇರು ಅನುಪಾತ 4 ಇದ್ದರೆ, ಪ್ರೊಪೆಲ್ಲರ್ ಶಾಫ್ಟ್ ಸುಮಾರು 51 ಸುತ್ತು ತಿರುಗುತ್ತದೆ. ಅದರ ಯೂನಿವರ್ಸಲ್ ಜಾಯಿಂಟಿನ ದೋಷವು ಸುತ್ತಿಗೆ ಎರಡು ಬಾರಿ, ಅಂದರೆ ಸುಮಾರು 102 ಬಾರಿ ಮಿಡಿಯುತ್ತದೆ.
3. ಆರನೆಯ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,450 ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 41 ಸುತ್ತು. ನಾಲ್ಕು ಸಿಲಿಂಡರಿನ ಎಂಜಿನ್ ಸುತ್ತಿಗೆ ಎರಡು ಬಾರಿ ಉರಿಯುವುದರಿಂದ ಆ ಮಿಡಿತ ಸುಮಾರು 82.

ಈ ಸಂಖ್ಯೆಗಳು ಒಂದಕ್ಕೊಂದು ದೂರವಿರುವುದರಿಂದ ಗೊಂದಲಕ್ಕೆ ಆಸ್ಪದವಿಲ್ಲ. ಅಳೆಯಲು ಮೊಬೈಲ್ ಫೋನಿನೊಳಗಿರುವ ಚಲನಾ ಸಂವೇದಕವೇ ಸಾಕು. ಕಂಪನವನ್ನು ಸಂಖ್ಯಾವಾರು ವಿಂಗಡಿಸಿ ತೋರಿಸುವ ತಂತ್ರಾಂಶಗಳು ದೊರೆಯುತ್ತವೆ. ಆದರೆ ಒಂದು ಎಚ್ಚರಿಕೆ: ಸೆಕೆಂಡಿಗೆ 100 ಬಾರಿ ಅಳೆಯುವ ಸಾಧನವು 50ಕ್ಕಿಂತ ಹೆಚ್ಚಿನ ಕಂಪನವನ್ನು ನಂಬಲರ್ಹವಾಗಿ ತೋರಿಸಲಾರದು, ಹೆಚ್ಚಿನ ಸಂಖ್ಯೆಯು ಕಡಿಮೆ ಸಂಖ್ಯೆಯ ವೇಷದಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಆದುದರಿಂದ ಫೋನಿನ ಸಂಖ್ಯೆಯೊಂದನ್ನೇ ನೆಚ್ಚದೆ ಇತರ ಪರೀಕ್ಷೆಗಳೊಂದಿಗೆ ತಾಳೆ ನೋಡಬೇಕು.

ಪರೀಕ್ಷೆಯ ಕ್ರಮ

ರಸ್ತೆಗಿಳಿಯುವ ಮುನ್ನ ಮೇಸ್ತ್ರಿಯವರು ಚಕ್ರದ ನಟ್ಟುಗಳ ಬಿಗುವು, ಟೈರಿನ ಉಬ್ಬು, ಬೇರಿಂಗಿನ ಸಡಿಲಿಕೆ ಇವುಗಳನ್ನು ಪರೀಕ್ಷಿಸಿದರು. ಅಪರಿಚಿತ ನಡುಕವು ಚಕ್ರ ಕಳಚುವ ಮುನ್ಸೂಚನೆಯೂ ಆಗಿರಬಹುದಾದುದರಿಂದ ಈ ಹಂತವನ್ನು ಬಿಡುವಂತಿಲ್ಲ. ಬಳಿಕ ಮುಂಜಾನೆ, ಸಂಚಾರ ವಿರಳವಾಗಿದ್ದಾಗ, ಚತುಷ್ಪಥ ಹೆದ್ದಾರಿಯಲ್ಲಿ ಮಿತಿಯೊಳಗಿನ ವೇಗದಲ್ಲಿ ಪರೀಕ್ಷೆ ನಡೆಯಿತು. ಮಗ ಓಡಿಸಿದ, ಫೋನನ್ನು ಸೀಟಿನ ಹಳಿಗೆ ಬಿಗಿದು, ಟಿಪ್ಪಣಿ ಬರೆಯುವ ಕೆಲಸ ನನ್ನದಾಯಿತು.

ಮೊದಲು, ನಿಂತಲ್ಲಿಯೇ ಎಂಜಿನನ್ನು 2,450 ಸುತ್ತಿಗೆ ಏರಿಸಿದೆವು, ನಡುಕವಿಲ್ಲ. ಎರಡನೆಯದಾಗಿ, 90 ಕಿ.ಮೀ. ವೇಗವನ್ನು ಕಾಯ್ದುಕೊಂಡು ಆರನೆಯ ಗೇರಿನಿಂದ ನಾಲ್ಕಕ್ಕೆ ಇಳಿಸಿದೆವು. ಎಂಜಿನ್ 3,700 ಸುತ್ತಿಗೆ ಏರಿತು, ನಡುಕ ಬದಲಾಗಲಿಲ್ಲ. ಈ ಎರಡು ಪರೀಕ್ಷೆಗಳಿಗೆ ತಗಲಿದ್ದು ಹತ್ತು ನಿಮಿಷ. ಇವನ್ನು ಮೊದಲೇ ಮಾಡಿದ್ದರೆ ಮೌಂಟಿಂಗುಗಳಿಗೆ ತೆತ್ತ ಹಣ ಉಳಿಯುತ್ತಿತ್ತು. ಮೂರನೆಯದಾಗಿ, ಆಕ್ಸಿಲರೇಟರ್ ಒತ್ತಿದಾಗಲೂ ಬಿಟ್ಟಾಗಲೂ ನಡುಕ ಒಂದೇ ಸಮನಾಗಿದ್ದುದರಿಂದ, ಎಳೆತದ ಭಾರ ಹೊರುವ ಜಾಯಿಂಟುಗಳ ಮೇಲಿನ ಶಂಕೆ ತಗ್ಗಿತು. ಬ್ರೇಕ್ ಹಾಕಿದಾಗ ಮಾತ್ರ ಹೆಚ್ಚುತ್ತಿರಲಿಲ್ಲವಾದ್ದರಿಂದ ಡಿಸ್ಕಿನ ದೋಷವೂ ಅಲ್ಲ. ನಾಲ್ಕನೆಯದಾಗಿ, ನಡುಕವು ಸ್ಟೀರಿಂಗಿಗಿಂತ ಸೀಟಿನಲ್ಲಿ ಹೆಚ್ಚು ತಿಳಿಯುತ್ತಿತ್ತು. ಸಾಮಾನ್ಯವಾಗಿ ಇದು ಹಿಂಭಾಗದ ಸೂಚನೆ.

ಸ್ಪೋರ್ಟ್ಸ್ ಕಾರಿಗೆ ವಿಶೇಷವಾದ ಇನ್ನೊಂದು ಸಂಶಯವಿತ್ತು. ಇಂತಹ ಕಾರುಗಳು ವಾರಗಟ್ಟಲೆ ನಿಂತೇ ಇರುವುದರಿಂದ ಟೈರು ನೆಲ ತಾಗಿದ ಕಡೆ ಚಪ್ಪಟೆಯಾಗುತ್ತದೆ. ಆದರೆ ಹಾಗೆ ಬಂದ ನಡುಕವು ಸಾಮಾನ್ಯವಾಗಿ ಟೈರು ಬಿಸಿಯಾದಂತೆ ಕರಗುತ್ತದೆ. ಇಲ್ಲಿ 30 ಕಿ.ಮೀ. ಓಡಿದ ಮೇಲೂ ಕಡಿಮೆಯಾಗಲಿಲ್ಲ. ಫೋನಿನ ನಕ್ಷೆಯಲ್ಲಿ ಎದ್ದು ನಿಂತ ಶಿಖರದ ಸಂಖ್ಯೆ 13. ಲೆಕ್ಕವು ಹಿಂದಿನ ಚಕ್ರದ ಖಾತೆಗೆ ಬಂದು ನಿಂತಿತು.

ಯಂತ್ರ ಸೊನ್ನೆ ತೋರಿಸಿದರೂ ನಡುಗುವುದೇಕೆ?

ಇಲ್ಲಿ ನಮಗೆ ಕಗ್ಗಂಟು ಎದುರಾಯಿತು. ಚಕ್ರಗಳನ್ನು ಮತ್ತೊಮ್ಮೆ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿಸಿದರೆ ಅದು ಸೊನ್ನೆಯನ್ನೇ ತೋರಿಸಿತು. ಮೇಸ್ತ್ರಿಯವರು ಚಕ್ರವನ್ನು ಕಾರಿನ ಮೇಲೆಯೇ ಇರಿಸಿ, ರಿಮ್ಮಿಗೆ ಡಯಲ್ ಗೇಜ್ ತಾಗಿಸಿ, ನಿಧಾನವಾಗಿ ತಿರುಗಿಸಿದರು. ಮುಳ್ಳು 0.8 ಮಿ.ಮೀ. ಆಚೀಚೆ ಓಲಾಡಿತು. ಚಕ್ರ ಕಳಚಿ ಹಬ್ಬನ್ನು ಮಾತ್ರ ಅಳೆದಾಗ ಓಲಾಟವು ಗಣನೆಗೆ ಬಾರದಷ್ಟು ಅಲ್ಪ. ಚಕ್ರ ಸರಿಯಿದೆ, ಹಬ್ ಸರಿಯಿದೆ. ಎರಡೂ ಕೂಡುವ ಜಾಗ ಸರಿಯಿಲ್ಲ.

ಕಾರಿನ ಹಬ್ಬಿನ ನಡುಗುಬುಟಿನ ವ್ಯಾಸ 67 ಮಿ.ಮೀ.; ಹೊರಗಿನಿಂದ ತಂದ ಚಕ್ರದ ನಡುರಂಧ್ರ 73 ಮಿ.ಮೀ. ಹಲವು ಮಾದರಿಯ ಕಾರುಗಳಿಗೆ ಒಂದೇ ಚಕ್ರ ಹೊಂದಲೆಂದು ತಯಾರಕರು ರಂಧ್ರವನ್ನು ದೊಡ್ಡದಾಗಿ ಇಟ್ಟು, ನಡುವಿನ ಸಂದನ್ನು ತುಂಬಲು ತೆಳುವಾದ ಉಂಗುರಗಳನ್ನು ಕೊಡುತ್ತಾರೆ. ಹಿಂದಿನ ಎಡಚಕ್ರದಲ್ಲಿ ಆ ಪ್ಲಾಸ್ಟಿಕ್ ಉಂಗುರವೇ ಇರಲಿಲ್ಲ; ಬಲಚಕ್ರದ್ದು ಸೀಳಿತ್ತು. ನಟ್ಟುಗಳ ಶಂಕುವಿನಾಕಾರದ ತುದಿ ಚಕ್ರವನ್ನು ನಡುವಿಗೆ ತರಬೇಕು ನಿಜ. ಆದರೆ ಕಾರಿನ ಭಾರ ಚಕ್ರದ ಮೇಲಿರುವಾಗಲೇ ಒಂದು ಬದಿಯ ನಟ್ಟನ್ನು ಗಾಳಿಗನ್ನಿನಿಂದ ಪೂರ್ಣ ಬಿಗಿದರೆ ಚಕ್ರ ವಾಲಿದಲ್ಲಿಯೇ ಕೂರುತ್ತದೆ. ಬ್ಯಾಲೆನ್ಸಿಂಗ್ ಯಂತ್ರವಾದರೋ ಚಕ್ರವನ್ನು ತನ್ನದೇ ಶಂಕುವಿನ ಮೇಲೆ ನಟ್ಟನಡುವೆ ಹಿಡಿಯುತ್ತದೆ. ಆದ್ದರಿಂದ ಅದಕ್ಕೆ ಈ ದೋಷ ಕಾಣುವುದೇ ಇಲ್ಲ.

ಇಷ್ಟು ಸಣ್ಣ ವಾಲಿಕೆಗೆ ಅಷ್ಟು ನಡುಕವೇ ಎಂಬ ಪ್ರಶ್ನೆ ಸಹಜ. ಮುಳ್ಳಿನ ಓಲಾಟ 0.8 ಮಿ.ಮೀ. ಎಂದರೆ ಕೇಂದ್ರ ಸರಿದದ್ದು ಅದರ ಅರ್ಧ, 0.4 ಮಿ.ಮೀ. ಟೈರು ಸಹಿತ ಚಕ್ರದ ತೂಕ 20 ಕಿ.ಗ್ರಾಂ. ಇವೆರಡರ ಗುಣಲಬ್ಧವನ್ನು ರಿಮ್ಮಿನ ತ್ರಿಜ್ಯ 216 ಮಿ.ಮೀ.ನಿಂದ ಭಾಗಿಸಿದರೆ, ರಿಮ್ಮಿನ ಅಂಚಿಗೆ 37 ಗ್ರಾಂ ಸೀಸವನ್ನು ಬೇಡದ ಜಾಗದಲ್ಲಿ ಅಂಟಿಸಿದ್ದಕ್ಕೆ ಸಮ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಇದರಿಂದ ಹುಟ್ಟುವ ಕೇಂದ್ರಾಪಗಾಮಿ ಬಲವು 5 ಕಿ.ಗ್ರಾಂ. ತೂಕಕ್ಕೂ ಮಿಗಿಲು, ಅದು ಸೆಕೆಂಡಿಗೆ 13 ಬಾರಿ ಅಚ್ಚನ್ನು ಮೇಲೆ ಕೆಳಗೆ ಎಳೆಯುತ್ತದೆ. ಬಲವು ವೇಗದ ವರ್ಗಕ್ಕೆ ಅನುಗುಣವಾದುದರಿಂದ 45 ಕಿ.ಮೀ.ಯಲ್ಲಿ ಅದು ಕಾಲುಭಾಗ ಮಾತ್ರ. ಊರೊಳಗೆ ನಡುಕ ತಿಳಿಯದಿದ್ದುದು ಇದರಿಂದಲೇ. ಮೇಲಾಗಿ ಚಕ್ರ ಮತ್ತು ಅಚ್ಚಿನ ಭಾಗಗಳು ತಾವಾಗಿ ಕುಣಿಯುವ ಸಹಜ ಲಯವೂ ಅನೇಕ ಕಾರುಗಳಲ್ಲಿ ಸೆಕೆಂಡಿಗೆ 10ರಿಂದ 15ರ ನಡುವೆ ಇರುತ್ತದೆ. ತೂಗುವ ತೊಟ್ಟಿಲನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಂತೆ, ಸಣ್ಣ ಬಲವೂ ದೊಡ್ಡ ನಡುಕವಾಗುತ್ತದೆ. ಗಟ್ಟಿ ಸಸ್ಪೆನ್ಷನ್ ಮತ್ತು ತೆಳು ಟೈರುಗಳ ಸ್ಪೋರ್ಟ್ಸ್ ಕಾರು ಅದನ್ನು ಮರೆಮಾಚದೆ ಸೀಟಿಗೆ ತಲುಪಿಸುತ್ತದೆ.

ಖಚಿತಪಡಿಸಿಕೊಂಡ ಬಗೆ

ಹಿಂದೆ ಮೂರು ಬಾರಿ ಆದಂತೆ ಈ ಬಾರಿಯೂ ಕಾಕತಾಳೀಯಕ್ಕೆ ಮೋಸಹೋಗಬಾರದೆಂದು, ಉಂಗುರ ಹಾಕುವ ಮುನ್ನವೇ ಒಂದು ಪರೀಕ್ಷೆ ಮಾಡಿದೆವು. ಯಾವ ಭಾಗವನ್ನೂ ಬದಲಿಸದೆ, ಅದೇ ಚಕ್ರವನ್ನು ಎರಡು ಬಾರಿ ಕಳಚಿ ಕೂರಿಸಿ ಓಡಿಸಿದೆವು. ಎರಡೂ ಬಾರಿ ಶಿಖರವು 13ರಲ್ಲಿಯೇ ನಿಂತಿತು. ಎತ್ತರ ಮಾತ್ರ ಬೇರೆಬೇರೆ. ದಿನಾಂಕಗಳ ಪಟ್ಟಿಯಿಂದ ಹುಟ್ಟಿದ ಶಂಕೆ ಆಗ ಸಾಕ್ಷ್ಯವಾಯಿತು.

ಮೇಸ್ತ್ರಿಯವರು ಲೇತಿನಲ್ಲಿ ನಾಲ್ಕು ಅಲ್ಯೂಮಿನಿಯಂ ಉಂಗುರಗಳನ್ನು ಕಡೆದುಕೊಟ್ಟರು. ಚಕ್ರವನ್ನು ನೆಲದಿಂದ ಎತ್ತಿ ಹಿಡಿದು, ನಟ್ಟುಗಳನ್ನು ನಕ್ಷತ್ರಾಕಾರದ ಸರದಿಯಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಲಾಯಿತು, ನೂರು ಕಿ.ಮೀ. ಓಡಿದ ಬಳಿಕ ಬಿಗುವನ್ನು ಮತ್ತೆ ನೋಡಲಾಯಿತು. ನಡುಕ ಹೋಯಿತು. ನಂತರ ಎರಡು ಬಾರಿ ಚಕ್ರ ಕಳಚಿದರೂ ಮರಳಲಿಲ್ಲ. ಉಂಗುರಗಳ ಬಿಲ್ಲು 2,400 ರೂ.

ವ್ಯವಹಾರಕ್ಕೆ ಅನ್ವಯಿಸುವ ಪಾಠ

ತಿಳಿಯದ ದೋಷಕ್ಕೆ ಹಣ ಸುರಿಯುವುದು ತಾಳೆಪಟ್ಟಿಯ ವ್ಯತ್ಯಾಸವನ್ನು ಅನಾಮತ್ತು ಖಾತೆಗೆ ಹಾಕಿದಂತೆ. ಪಟ್ಟಿ ಕೂಡುತ್ತದೆ, ತಪ್ಪು ಉಳಿಯುತ್ತದೆ. ಆದುದರಿಂದ ದೊಡ್ಡ ದುರಸ್ತಿ ಬಿಲ್ಲಿಗೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು. ಯಾವ ಅಳತೆಯ ಆಧಾರದಿಂದ ಈ ಭಾಗವನ್ನು ಬದಲಿಸಲಾಗುತ್ತಿದೆ? ಅದೇ ಹೊತ್ತಿನಲ್ಲಿ ಬೇರೇನು ಕಳಚಲಾಯಿತು? ಗುಣವಾಯಿತೆಂದರೆ, ಅದು ಈ ಭಾಗದಿಂದಲೇ ಎಂಬುದಕ್ಕೆ ಪುರಾವೆ ಏನು? ಪ್ರತಿ ವಾಹನಕ್ಕೂ ಯಂತ್ರಕ್ಕೂ ದಿನಾಂಕ, ಮಾಡಿದ ಕೆಲಸ, ನಂತರದ ಸ್ಥಿತಿ ಎಂಬ ಮೂರು ಕಾಲಮುಗಳ ಪುಸ್ತಕವೊಂದನ್ನು ಇಟ್ಟರೆ ಉತ್ತರಗಳು ಅದರಲ್ಲಿಯೇ ದೊರೆಯುತ್ತವೆ.

ಮೊದಲನೆಯ ಅಂಗಡಿಯವರ ಕೆಲಸದಲ್ಲಿ ದೋಷವಿತ್ತೆನ್ನಲು ಯಾವ ಆಧಾರವೂ ಉಳಿಯಲಿಲ್ಲ. ವಕೀಲರಿಗೆ ಕಳುಹಿಸಬೇಕಿದ್ದ ಟಿಪ್ಪಣಿಯನ್ನು ನಾನು ಹರಿದುಹಾಕಿದೆ. ಮಾಲೀಕರು ತಾವೇ ಆ ಅಂಗಡಿಗೆ ಹೋಗಿ, ನಡೆದುದನ್ನು ತಿಳಿಸಿ, ತಡೆಹಿಡಿದಿದ್ದ 3,100 ರೂ.ಗಳನ್ನು ಪಾವತಿಸಿ ಬಂದರು. ಆ ವರ್ಷದ ಲೆಕ್ಕಪತ್ರದಲ್ಲಿ ವಿವಾದಿತ ಬಾಕಿ ಎಂದು ತೋರಿಸಿದ್ದ ಒಂದು ನಮೂದು ಹೀಗೆ ಮುಕ್ತಾಯವಾಯಿತು.