ತಲಪದ ಪುಸ್ತಕಗಳು

ಮಾಸ್ತರಿಕೆಯಿಂದ ನಿವೃತ್ತನಾದ ತರುವಾಯ, ಈಗ ಅಚ್ಚಿನಲ್ಲಿಲ್ಲದ ಕನ್ನಡ ಪುಸ್ತಕಗಳನ್ನು ಸಂಗ್ರಹಿಸಿ, ಅವುಗಳ ಮುಖಪುಟದ ಚಿತ್ರವನ್ನು ಅಂತರ್ಜಾಲದಲ್ಲಿ ಪ್ರಕಟಿಸಿ, ಬೇಕೆಂದವರಿಗೆ ಧಾರವಾಡದಿಂದ ಅಂಚೆಯ ಮೂಲಕ ಕಳುಹಿಸಿಕೊಡುವ ಸಣ್ಣದೊಂದು ವ್ಯಾಪಾರವನ್ನು ನಡೆಸುತ್ತಿದ್ದೇನೆ. ಇದರಲ್ಲಿ ಕಷ್ಟವೆಂಬುದೇನಾದರೂ ಇದ್ದರೆ ಅದು ಪುಸ್ತಕವನ್ನು ಹುಡುಕುವುದರಲ್ಲಿಯೋ ಬೆಲೆಯನ್ನು ನಿಷ್ಕರ್ಷಿಸುವುದರಲ್ಲಿಯೋ ಇರಬೇಕೆಂದು ನೋಡಿದವರು ಊಹಿಸುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ರದ್ದಿ ಅಂಗಡಿಯವನು ತೂಕದ ಲೆಕ್ಕದಲ್ಲಿ ಕೊಡುತ್ತಾನೆ; ಗ್ರಾಹಕರು ಬಹುಮಟ್ಟಿಗೆ ಚೌಕಾಸಿಯಿಲ್ಲದೆ ಫೋನಿನಲ್ಲಿಯೇ ಹಣ ಹಾಕುತ್ತಾರೆ; ವ್ಯಾಪಾರದ ನಿಜವಾದ ಪರೀಕ್ಷೆ ಆರಂಭವಾಗುವುದು ಇದೆಲ್ಲ ಮುಗಿದು ಕೆಲವು ದಿನಗಳಾದ ಮೇಲೆ, ಬೆಳಗಿನ ಹೊತ್ತು ವಾಟ್ಸ್‌ಆ್ಯಪಿನಲ್ಲಿ ಬಂದಿರುವ “ಸರ್, ಬುಕ್ ಇನ್ನೂ ಬಂದಿಲ್ಲ” ಎಂಬ ಒಂದು ಸಾಲಿನಿಂದ.

ಈ ಸಾಲನ್ನು ಬರೆದವರು ಹಣವನ್ನು ಹಿಂದಕ್ಕೆ ಕೇಳುತ್ತಿದ್ದಾರೆಂದಾಗಲಿ, ನಮ್ಮ ಪ್ರಾಮಾಣಿಕತೆಯನ್ನು ಶಂಕಿಸುತ್ತಿದ್ದಾರೆಂದಾಗಲಿ ತಿಳಿದುಕೊಂಡು ಕೂಡಲೇ ಆತ್ಮಸಮರ್ಥನೆಗೆ ತೊಡಗುವವರು ವ್ಯಾಪಾರಿಗಳಲ್ಲಿ ಅನೇಕರಿದ್ದಾರೆ. ಮುಖವನ್ನೇ ಕಾಣದ ಒಬ್ಬನಿಗೆ ಹಣ ಕೊಟ್ಟವರಿಗೆ, ತಮ್ಮ ವಸ್ತು ಈ ಗಳಿಗೆಯಲ್ಲಿ ಎಲ್ಲಿದೆಯೆಂಬುದಷ್ಟೇ ಮೊದಲು ಬೇಕಾದದ್ದು. “ವಿಚಾರಿಸಿ ತಿಳಿಸುತ್ತೇನೆ” ಎಂಬ ಉತ್ತರವು ವಿನಯಪೂರ್ಣವಾಗಿದ್ದರೂ ನಿಷ್ಪ್ರಯೋಜಕವಾದದ್ದು. ಅದು ಅವರ ಆತಂಕವನ್ನು ಒಂದು ದಿನ ಮುಂದಕ್ಕೆ ದೂಡುತ್ತದೆಯೇ ಹೊರತು ಕಡಮೆ ಮಾಡುವುದಿಲ್ಲ. “ಸೋಮವಾರ ಬುಕ್ ಮಾಡಿದ್ದೇನೆ, ರಸೀದಿಯ ಚಿತ್ರ ಇದರೊಂದಿಗಿದೆ, ಚೀಲವು ನಿನ್ನೆ ರಾತ್ರಿ ಹುಬ್ಬಳ್ಳಿಯನ್ನು ಬಿಟ್ಟಿದೆ, ಗುರುವಾರದೊಳಗಾಗಿ ತಲಪದಿದ್ದರೆ ನಾನೇ ಫೋನು ಮಾಡುತ್ತೇನೆ” ಎಂದು ಬರೆದರೆ, ಕೋಪದಿಂದ ಆರಂಭವಾದ ಸಂಭಾಷಣೆಯು ಎಷ್ಟೋ ಸಲ ಪುಸ್ತಕದ ಲೇಖಕರ ಗುಣದೋಷಗಳ ಚರ್ಚೆಯಲ್ಲಿ ಪರ್ಯವಸಾನವಾದದ್ದುಂಟು. ಗುರುವಾರ ಫೋನು ಮಾಡಲೇಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೀಗೆ ಬರೆಯಬೇಕಾದರೆ ಟ್ರ್ಯಾಕಿಂಗ್ ದಾಖಲೆಯನ್ನು ಓದುವ ಅಭ್ಯಾಸವಿರಬೇಕು. ಅಂಚೆಯ ಸಂಖ್ಯೆಯಲ್ಲಿ ಹದಿಮೂರು ಸ್ಥಾನಗಳು: ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ದೇಶವನ್ನು ಸೂಚಿಸುವ ‘ಐಎನ್’. ಆ ಒಂಬತ್ತರಲ್ಲಿ ಕೊನೆಯ ಅಂಕಿಯು ಉಳಿದ ಎಂಟರಿಂದ ಗಣಿತಕ್ರಮದಲ್ಲಿ ಹುಟ್ಟತಕ್ಕದ್ದಾದ್ದರಿಂದ, ಒಂದು ಅಂಕಿಯನ್ನು ತಪ್ಪಾಗಿ ಬರೆದುಕೊಂಡರೆ ಅದು ಮತ್ತೊಬ್ಬರ ಲಕೋಟೆಯ ಸಂಖ್ಯೆಯಾಗಿಬಿಡುವುದು ಅಪರೂಪ. ಬಹಳಮಟ್ಟಿಗೆ ಯಾವ ಲಕೋಟೆಯದೂ ಆಗುವುದಿಲ್ಲ. ದಾಖಲೆಯು ಯಾವ ಊರಿನಲ್ಲಿ ನಿಂತಿದೆಯೆಂಬುದರ ಮೇಲೆ ನಮ್ಮ ಕರ್ತವ್ಯವು ನಿರ್ಧಾರವಾಗುತ್ತದೆ. ಚೀಲವು ದಾರಿಯಲ್ಲಿದ್ದರೆ ಕಾಯುವುದೊಂದೇ ಉಪಾಯ. ‘ಡೋರ್ ಲಾಕ್ಡ್’ ಎಂದಿದ್ದರೆ ಬಟವಾಡೆ ಕಚೇರಿಯಲ್ಲಿ ಅದು ಕೆಲವು ದಿನ ಮಾತ್ರ ಇದ್ದು ಅನಂತರ ನನ್ನಲ್ಲಿಗೇ ಹಿಂದಿರುಗುವುದಾದ್ದರಿಂದ, ಗ್ರಾಹಕರನ್ನು ಆ ದಿನವೇ ಗುರುತಿನ ಚೀಟಿಯೊಡನೆ ಅಲ್ಲಿಗೆ ಹೊರಡಿಸಬೇಕು. ‘ಐಟಂ ಡೆಲಿವರ್ಡ್’ ಎಂದಿದ್ದು, ಗ್ರಾಹಕರು ಬಂದಿಲ್ಲವೆನ್ನುವ ಸಂದರ್ಭವೇ ಎಲ್ಲಕ್ಕಿಂತ ನಾಜೂಕಾದದ್ದು.

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ವಾಸಿಸುವ ಮಹಿಳೆಯೊಬ್ಬರು ತಮ್ಮ ತಂದೆಯವರಿಗಾಗಿ ಯಕ್ಷಗಾನ ಪ್ರಸಂಗಗಳ ಒಂದು ಕಟ್ಟನ್ನು ತರಿಸಿದ್ದರು. ಶನಿವಾರ ಮಧ್ಯಾಹ್ನ ಬಟವಾಡೆಯಾಯಿತೆಂದು ದಾಖಲೆ ಹೇಳಿತು. “ಮಧ್ಯಾಹ್ನವಿಡೀ ನಾನು ಮನೆಯಲ್ಲೇ ಇದ್ದೆ, ಯಾರೂ ಬೆಲ್ ಮಾಡಿಲ್ಲ, ನೀವು ಸುಳ್ಳು ಹೇಳ್ತಾ ಇದೀರಿ” ಎಂದು ಅವರು ಹೇಳಿದರು. ದಾಖಲೆಯನ್ನು ಅವರ ಮುಂದೆ ಹಿಡಿದು ವಾದಿಸುವುದು ಸುಲಭವಾಗಿತ್ತು. ಆದರೆ ದಾಖಲೆಯೂ ಮಹಿಳೆಯೂ ಏಕಕಾಲದಲ್ಲಿ ಸತ್ಯವನ್ನೇ ನುಡಿಯುತ್ತಿರಬಹುದೆಂಬ ಭಾವನೆಯಿಂದ ಹೊರಟರೆ ಮಾತ್ರ ವಸ್ತು ದೊರೆಯುತ್ತದೆ. ನಾನು ಕೇಳಿದ್ದು ಇಷ್ಟೆ: ಅಂಚೆಯವರನ್ನು ಮೇಲಿನ ಮಹಡಿಗಳಿಗೆ ಬಿಡುತ್ತಾರೆಯೆ, ಶನಿವಾರ ಗೇಟಿನಲ್ಲಿ ಯಾರು ಇದ್ದರು, ಮನೆಯು ಯಾರ ಹೆಸರಿನಲ್ಲಿದೆ. ಮನೆಯು ಯಜಮಾನರ ಹೆಸರಿನಲ್ಲಿತ್ತು. ಲಕೋಟೆಯು ಇವರ ಹೆಸರಿಗಿತ್ತು. ಗೇಟಿನ ಕಾವಲುಗಾರನು ಸಹಿ ಮಾಡಿ ಪಡೆದು, ತನ್ನ ರಿಜಿಸ್ಟರಿನಲ್ಲಿ ಮನೆಯ ನಂಬರನ್ನು ಬರೆಯಬೇಕಾದ ಅಂಕಣವನ್ನು ಖಾಲಿ ಬಿಟ್ಟು, ಪಾಳಿ ಬದಲಾದ ಮೇಲೆ ಊರಿಗೆ ಹೋಗಿದ್ದನು. ಬಟ್ಟೆಯಂಗಡಿಯವರ ಡಬ್ಬಿಗಳ ಅಡಿಯಲ್ಲಿದ್ದ ಪ್ರಸಂಗಗಳ ಕಟ್ಟಿನ ಚಿತ್ರವನ್ನು ಆಕೆ ಸಂಜೆ ಕಳುಹಿಸಿದರು. ಕ್ಷಮಾಪಣೆಯ ಮಾತಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಹಳ್ಳಿಗಳ ಸಂಗತಿ ಬೇರೆ. ಶಿರಸಿಯ ಕಡೆಯ, ಅಡಕೆ ತೋಟದ ನಡುವೆ ಮನೆಯಿರುವ ವೃದ್ಧರೊಬ್ಬರು, “ಮಾಸ್ತರ್ರೆ, ದುಡ್ಡಿನ ಮಾತಲ್ಲ, ಪುಸ್ತಕ ಎಲ್ಲಿ ಹೋತು ಹೇಳಿ” ಎಂದು ಫೋನು ಮಾಡಿದರು. ಆಷಾಢದ ಮಳೆಯಲ್ಲಿ ಸಂಕದ ಮೇಲೆ ನೀರು ಹರಿಯುತ್ತಿದ್ದುದರಿಂದ ಡಾಕ್ ಸೇವಕನು ಅವರ ಲಕೋಟೆಯನ್ನು ಸೊಸೈಟಿಯ ಅಂಗಡಿಯಲ್ಲಿ, ಅವರ ಮನೆಯವರು ತಪ್ಪದೆ ಬರತಕ್ಕ ಸ್ಥಳದಲ್ಲಿ, ಕೊಟ್ಟು ಹೋಗಿದ್ದನು. ಅದು ನಿಯಮಾನುಸಾರವಾದ ಬಟವಾಡೆಯಲ್ಲದೆ ಇರಬಹುದು. ಆದರೆ ನೆನೆದ ಪುಸ್ತಕಕ್ಕಿಂತ ತಡವಾದ ಪುಸ್ತಕವು ಮೇಲೆಂಬ ವಿವೇಕ ಅದರಲ್ಲಿತ್ತು. ಅಂದಿನಿಂದ ಮಲೆನಾಡಿನ ವಿಳಾಸಗಳಿಗೆ ಕಳುಹಿಸುವಾಗ, ಪುಸ್ತಕಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಸುತ್ತುವುದಲ್ಲದೆ, ಹೊರಗಿನ ವಿಳಾಸವು ಮಳೆಯಲ್ಲಿ ಕಲಸಿಹೋದರೂ ತೆರೆದವರಿಗೆ ತಿಳಿಯುವಂತೆ ಅದೇ ವಿಳಾಸದ ಇನ್ನೊಂದು ಚೀಟಿಯನ್ನು ಒಳಗೂ ಇಡುತ್ತಿದ್ದೇನೆ. ಮನೆಯವರು ದಿನಸಿಗೆ ಹೋಗುವ ಅಂಗಡಿಯ ಹೆಸರನ್ನೂ ಕೇಳಿ ಬರೆದುಕೊಳ್ಳುತ್ತೇನೆ.

ಬಾರದ ಪುಸ್ತಕಗಳಲ್ಲಿ ಹೆಚ್ಚಿನವು ಕಳೆದುಹೋಗುವುದು ದಾರಿಯಲ್ಲಲ್ಲ, ವಿಳಾಸದಲ್ಲಿ. ಪಿನ್ ಕೋಡನ್ನು ಶ್ರೀರಾಮ ಭಿಕಾಜಿ ವೇಲಣಕರರು ರೂಪಿಸಿ, ಅದು 1972ರ ಆಗಸ್ಟ್ 15ರಂದು ಜಾರಿಗೆ ಬಂದದ್ದು, ಒಂದೇ ಹೆಸರಿನ ಊರುಗಳೂ ನಾನಾ ಲಿಪಿಗಳೂ ಉಂಟುಮಾಡುತ್ತಿದ್ದ ಗೊಂದಲವನ್ನು ಆರು ಅಂಕಿಗಳಿಂದ ಪರಿಹರಿಸುವುದಕ್ಕಾಗಿ. ಆದರೆ ಆ ಆರರಲ್ಲಿ ಎರಡು ಅದಲುಬದಲಾದರೆ ಗೊಂದಲವು ಇಮ್ಮಡಿಯಾಗುತ್ತದೆ: 560004 ಬಸವನಗುಡಿ, 560040 ವಿಜಯನಗರ. ಇನ್ನು ‘ವಿದ್ಯಾನಗರ, ಎರಡನೆಯ ಅಡ್ಡರಸ್ತೆ, ಗಣಪತಿ ದೇವಸ್ಥಾನದ ಹತ್ತಿರ’ ಎಂದು ಬರೆದು ಊರಿನ ಹೆಸರನ್ನೇ ಬಿಡುವವರಿದ್ದಾರೆ; ಹುಬ್ಬಳ್ಳಿಯಲ್ಲಿಯೂ ದಾವಣಗೆರೆಯಲ್ಲಿಯೂ ವಿದ್ಯಾನಗರವಿದೆ, ಗಣಪತಿ ದೇವಸ್ಥಾನವಿಲ್ಲದ ಬಡಾವಣೆಯನ್ನಂತೂ ನಾನು ನೋಡಿಲ್ಲ. ಕಳುಹಿಸುವ ಮೊದಲು ವಿಳಾಸವನ್ನು ನಾನೇ ಬರೆದು ಗ್ರಾಹಕರಿಗೆ ಓದಲು ಕೊಟ್ಟರೆ, ಅವರು ತಮ್ಮ ತಪ್ಪನ್ನು ತಾವೇ ಕಂಡುಹಿಡಿಯುತ್ತಾರೆ.

ಹಣದ ವಿಚಾರವನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಸ್ಪೀಡ್ ಪೋಸ್ಟಿನಲ್ಲಿ ವಸ್ತು ಕಳೆದುಹೋದರೆ ದೊರೆಯತಕ್ಕ ಪರಿಹಾರವು, ವಿಮೆ ಮಾಡಿರದಿದ್ದರೆ, ಕೊಟ್ಟ ಶುಲ್ಕದ ಇಮ್ಮಡಿ ಅಥವಾ 1000 ರೂಪಾಯಿ, ಇವೆರಡರಲ್ಲಿ ಯಾವುದು ಕಡಮೆಯೋ ಅದು. ಆದ್ದರಿಂದ ದುಬಾರಿ ಪುಸ್ತಕಕ್ಕೆ ವಿಮೆ ಮಾಡಿಸುತ್ತೇನೆ. ಸರಕನ್ನು ಸಾಗಣೆಯವರಿಗೆ ಒಪ್ಪಿಸಿದರೆ ಕೊಂಡವರಿಗೆ ಒಪ್ಪಿಸಿದಂತೆಯೇ ಎಂದು ಮೇಲ್ನೋಟಕ್ಕೆ ಭಾವಿಸುವ 1930ರ ಸರಕು ಮಾರಾಟ ಕಾಯಿದೆಯನ್ನು ಉದಾಹರಿಸುವ ವ್ಯಾಪಾರಿಮಿತ್ರರು ನನಗಿದ್ದಾರೆ. ಅಂತರ್ಜಾಲದ ವ್ಯಾಪಾರಕ್ಕೆಂದೇ 2020ರಲ್ಲಿ ಬಂದ ಗ್ರಾಹಕ ಸಂರಕ್ಷಣಾ ನಿಯಮಗಳು, ದೂರು ಬಂದ ನಲವತ್ತೆಂಟು ಗಂಟೆಗಳೊಳಗೆ ಅದನ್ನು ಸ್ವೀಕರಿಸಿದುದನ್ನು ತಿಳಿಸಿ ತಿಂಗಳೊಳಗೆ ಪರಿಹರಿಸಬೇಕೆನ್ನುವುದನ್ನು ಅವರು ಅಷ್ಟು ಉತ್ಸಾಹದಿಂದ ಉದಾಹರಿಸುವುದಿಲ್ಲ. ನನ್ನ ಮಟ್ಟಿಗೆ, ರದ್ದಿಯವನಿಗೆ ಕೊಡುವ ಹಣದಂತೆ ಇಂಥ ನಷ್ಟವೂ ಒಂದು ಖರ್ಚೆಂದು ಪ್ರತಿ ಪುಸ್ತಕದ ಬೆಲೆಯಲ್ಲಿ ಸ್ವಲ್ಪವನ್ನು ಸೇರಿಸಿಟ್ಟಿದ್ದೇನೆ. ಹಾಗೆ ಮಾಡಿದ ಮೇಲೆ ಗ್ರಾಹಕರೊಡನೆ ಮಾತಾಡುವಾಗ ನನ್ನ ಧ್ವನಿ ತಾನಾಗಿಯೇ ತಗ್ಗಿದೆ.

ರಿಜಿಸ್ಟರ್ಡ್ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ವಿಲೀನಗೊಳಿಸಿದ್ದು ಹಿರಿಯ ಗ್ರಾಹಕರಲ್ಲಿ ಅನೇಕರಿಗೆ ಇನ್ನೂ ಒಪ್ಪಿಗೆಯಾಗಿಲ್ಲ; “ರಿಜಿಸ್ಟರ್ ಮಾಡಿಯೇ ಕಳಿಸಿ” ಎಂದು ಈಗಲೂ ಬರೆಯುತ್ತಾರೆ. ಒಟಿಪಿ ಹೇಳಿದ ಮೇಲೆಯೇ ಲಕೋಟೆಯನ್ನು ಕೊಡುವ ಏರ್ಪಾಟು ಈಗ ಸ್ವಲ್ಪ ಹೆಚ್ಚಿನ ಶುಲ್ಕಕ್ಕೆ ಇದೆ. ಗೇಟಿನಲ್ಲಿ ಕಾವಲಿರುವ ಮನೆಗಳಿಗೆ ಇದು ಉತ್ತಮ. ಫೋನನ್ನು ಮಗನ ಕೈಯಲ್ಲಿ ಪೇಟೆಗೆ ಕಳುಹಿಸಿ ತಾವು ಹಳ್ಳಿಯಲ್ಲಿರುವ ವೃದ್ಧರಿಗೆ ಇದು ಹೊಸದೊಂದು ತೊಡಕು. ಯಾರಿಗೆ ಯಾವುದು ಎಂಬುದನ್ನು ಕೇಳಿಯೇ ನಿರ್ಧರಿಸಬೇಕು.

ವಂಚಕರಿಲ್ಲವೆ? ಇದ್ದಾರೆ. ಪುಸ್ತಕವನ್ನು ಪಡೆದು, ಬಂದಿಲ್ಲವೆಂದು ಹಣವನ್ನು ಹಿಂದಕ್ಕೆ ಪಡೆದು, ಅದೇ ಪ್ರತಿಯನ್ನು, ಪುಟದ ಮೂಲೆಯಲ್ಲಿ ನಾನು ಪೆನ್ಸಿಲಿನಲ್ಲಿ ಬರೆದ ಬೆಲೆಯನ್ನೂ ಅಳಿಸದೆ, ಮತ್ತೊಂದೆಡೆ ಮಾರಾಟಕ್ಕಿಟ್ಟ ಮಹಾನುಭಾವರನ್ನು ಕಂಡಿದ್ದೇನೆ. ಅಂಥವರ ಭಯದಿಂದ ಉಳಿದ ಸಮಸ್ತರನ್ನೂ ಆರೋಪಿಗಳಂತೆ ವಿಚಾರಿಸುವ ವ್ಯಾಪಾರವು ನನಗೆ ಬೇಡ. ಅವರಿಗೆ ಎರಡನೆಯ ಸಲ ಪುಸ್ತಕವನ್ನು ಮಾರುವುದಿಲ್ಲ, ಅಷ್ಟೆ. ನನ್ನನ್ನು ನಿಜವಾಗಿ ಬಾಧಿಸುವುದು ಇನ್ನೊಂದು ಬಗೆಯ ನಷ್ಟ: ಮರುಮುದ್ರಣವಾಗದ, ನನ್ನಲ್ಲಿ ಒಂದೇ ಪ್ರತಿಯಿದ್ದ ಪುಸ್ತಕವು ಹೋದರೆ, ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಿದರೂ ಕೊಂಡವರಿಗೆ ಏನನ್ನೂ ಕೊಟ್ಟಂತಾಗುವುದಿಲ್ಲ. ಅಂಥವರ ಹೆಸರನ್ನು ಬೇರೆಯದೊಂದು ನೋಟುಪುಸ್ತಕದಲ್ಲಿ ಬರೆದಿಟ್ಟು, ಅದೇ ಪುಸ್ತಕದ ಮತ್ತೊಂದು ಪ್ರತಿ ಎಲ್ಲಿಯಾದರೂ ದೊರೆತರೆ, ಅಂತರ್ಜಾಲಕ್ಕೆ ಹಾಕುವ ಮೊದಲು, ಬೆಲೆ ಏರಿದ್ದರೂ ಹಳೆಯ ಬೆಲೆಗೇ, ಅವರಿಗೆ ತಿಳಿಸುತ್ತೇನೆ. ಕೆಲವರು ಅಷ್ಟರೊಳಗೆ ಬೇರೆ ಕಡೆಯಿಂದ ತರಿಸಿಕೊಂಡಿರುತ್ತಾರೆ. ಆದರೂ ಇನ್ನೊಂದು ಪ್ರತಿ ಇರಲಿ, ಕಳುಹಿಸಿ ಎನ್ನುತ್ತಾರೆ.