ಮಳೆಗಾಲದ ನೀರು ಯಾರು ತೆಗೆದಿದ್ದಾರೆ?

ತೆರೆದ ಕಡಲಿನ ನೀರಿನಲ್ಲಿ ಪಾದರಸ ಲೀಟರಿಗೆ ಒಂದು ನ್ಯಾನೋಗ್ರಾಮೂ ಇರುವುದಿಲ್ಲ. ಅದನ್ನು ಅಳೆಯಲು ಹೊರಟವರು ಕೈಯನ್ನೂ ಹಂಚಿಕೊಳ್ಳಬೇಕು: ಹೊರಚೀಲ ಮುಟ್ಟುವವರು ಒಬ್ಬರು, ಒಳಗಿನ ಟೆಫ್ಲಾನ್ ಬಾಟಲಿ ಹಿಡಿಯುವವರು ಇನ್ನೊಬ್ಬರು. ಬೋಟಿನ ಹೊಗೆ ಸೋಕಿದರೂ ಆ ಸ್ಯಾಂಪಲ್ಲನ್ನು ನಂಬುವಂತಿಲ್ಲ. ಲ್ಯಾಬಿನಲ್ಲಿ ಪಾದರಸವನ್ನು ಆವಿಯಾಗಿಸಿ, ಚಿನ್ನದ ಮೇಲೆ ಹಿಡಿದು, ಕಾಯಿಸಿ ಬಿಡಿಸಿ ಅಳೆಯುತ್ತೇವೆ. ಇಷ್ಟಾದರೂ ಸಿಗುವುದು ಅಂಕಿ ಮಾತ್ರ. ಅದು ಯಾಕೆ ಏರಿತು ಎಂಬ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ.

ನಮ್ಮ ಕರಾವಳಿಯಲ್ಲಿ ಮಳೆಗಾಲ ಎಲ್ಲವನ್ನೂ ಒಟ್ಟಿಗೇ ಬದಲಿಸುತ್ತದೆ. ಕಾಳಿ, ಶರಾವತಿ, ನೇತ್ರಾವತಿಯ ಕೆಂಪು ನೀರಿನ ಕೆಸರಿಗೆ ಅಂಟಿಕೊಂಡು ಪಾದರಸ ಬರುತ್ತದೆ. ಅದೇ ತಿಂಗಳುಗಳಲ್ಲಿ ಆಳದಿಂದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ಮೇಲೇಳುತ್ತದೆ. ಮೀನಿನ ಮೂಲಕ ನಮ್ಮ ತಟ್ಟೆಗೆ ಬರುವ ಮಿಥೈಲ್ ಪಾದರಸ ಇಂಥ ನೀರಿನಲ್ಲೇ ಹೆಚ್ಚು. ಮೋಡ ಕವಿದಿರುವುದರಿಂದ ಬಿಸಿಲಿಗೆ ಅದು ಒಡೆಯುವುದೂ ನಿಧಾನ. ಹೀಗಿರುವಾಗ ನೀರು ತಣ್ಣಗಾದಾಗಲೆಲ್ಲ ಪಾದರಸ ಏರಿದ್ದು ಕಂಡರೆ, ತಂಪೇ ಕಾರಣ ಎಂದು ಬರೆಯಲಾಗದು. ಎರಡನ್ನೂ ಕದಲಿಸಿದ್ದು ಮಳೆಗಾಲ.

ಆದ್ದರಿಂದ ಕಂಪ್ಯೂಟರಿಗೆ ಅಂಕಿ ಕೊಡುವ ಮೊದಲು ನಾನು ಕಾಗದದ ಮೇಲೆ ಬಾಣ ಎಳೆಯುತ್ತೇನೆ. ಮಳೆಯಿಂದ ನದಿಗೆ, ನದಿಯಿಂದ ಕೆಸರಿಗೆ, ಕೆಸರಿನಿಂದ ಪಾದರಸಕ್ಕೆ. ನದಿಯ ಪಾತ್ರ ತಿಳಿಯಬೇಕಾದರೆ ಋತುವನ್ನು ಲೆಕ್ಕಕ್ಕೆ ಹಿಡಿಯಲೇಬೇಕು, ಕೆಸರನ್ನು ಹಿಡಿಯಬಾರದು. ಕೆಸರಿನ ಪ್ರಮಾಣವನ್ನು ಸಮಮಾಡಿಬಿಟ್ಟರೆ ನದಿ ತಂದದ್ದೆಲ್ಲ ಅಳಿಸಿಹೋಗಿ, ನದಿ ನಿರಪರಾಧಿಯಂತೆ ಕಾಣುತ್ತದೆ. ಹೆಚ್ಚು ಅಂಶ ಸೇರಿಸಿದಷ್ಟೂ ಲೆಕ್ಕ ಗಟ್ಟಿಯಾಗುತ್ತದೆ ಎಂಬ ನಂಬಿಕೆಯನ್ನು ನಾನು ಬಿಟ್ಟದ್ದು ಇಲ್ಲಿಯೇ.

ಬಾಣದ ದಿಕ್ಕು ಅತಿ ಸ್ಪಷ್ಟವಾಗಿ ಕಾಣುವುದು ಕಾರಣದ ಜಾಗವನ್ನೇ ಯಾರಾದರೂ ಬದಲಿಸಿದಾಗ. ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಜಪಾನಿನ ಮಿನಮಾಟದ ಕತೆ. 1956ರಲ್ಲಿ ಅಲ್ಲಿ ವಿಚಿತ್ರ ರೋಗವೊಂದು ಬೆಳಕಿಗೆ ಬಂದ ಮೇಲೆ ಮ್ಯಾಂಗನೀಸ್, ಸೆಲೆನಿಯಂ, ಥ್ಯಾಲಿಯಂ ಮೇಲೂ ಅನುಮಾನವಿತ್ತು. 1958ರಲ್ಲಿ ಅಲ್ಲಿನ ಚಿಸ್ಸೊ ರಾಸಾಯನಿಕ ಕಾರ್ಖಾನೆ ತನ್ನ ಕೊಳಚೆ ನೀರನ್ನು ಬಂದರಿನ ಬದಲು ಮಿನಮಾಟ ನದಿಯ ಅಳಿವೆಗೆ ಬಿಟ್ಟಿತು. ಸ್ವಲ್ಪ ಕಾಲದಲ್ಲೇ ಆ ಬದಿಯ ಜನರೂ ಹಾಸಿಗೆ ಹಿಡಿದರು. ನೀರು ಹೋದಲ್ಲಿಗೆ ರೋಗವೂ ಹೋಗಿತ್ತು. ಕುಮಾಮೊಟೊ ವಿಶ್ವವಿದ್ಯಾಲಯದ ತಂಡ 1959ರಲ್ಲಿ ಸಾವಯವ ಪಾದರಸದತ್ತ ಬೊಟ್ಟು ಮಾಡಿತು. ಸರ್ಕಾರ ಅದನ್ನು ಒಪ್ಪಿದ್ದು 1968ರಲ್ಲಿ. ನಡುವಿನ ಆ ವರ್ಷಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಮೀನು ಹಿಡಿಯಲು ಕಡಲಿಗಿಳಿಯುವಂತಿಲ್ಲ; ಅವುಗಳಲ್ಲಿ ಹೋಗುವ ನಾವೂ ನೀರು ತೆಗೆಯಲಾಗದು. ನನ್ನ ಬಾಣದ ನಕ್ಷೆ ನೋಡಿದ ಬೋಟಿನ ತಾಂಡೇಲರೊಬ್ಬರು ನೇರವಾಗಿ ಕೇಳಿದರು: "ಮೇಡಂ, ಕಡಲು ಕದಡುವಾಗ ನೀರೇ ತೆಗೆದಿಲ್ಲ. ಕದಡಿದ್ರಿಂದ ಏನಾಯ್ತು ಅಂತ ಹೇಗೆ ಗೊತ್ತಾಗ್ತದೆ?" ಅವರ ಮಾತು ಸರಿ. ಕಡಲು ಶಾಂತವಾಗಿದ್ದ ದಿನಗಳ ಅಂಕಿಗಳು ಕಡಲು ಶಾಂತವಾಗಿದ್ದ ದಿನಗಳ ಬಗ್ಗೆ ಮಾತ್ರ ಹೇಳಬಲ್ಲವು. ಇಲ್ಲದ ತಿಂಗಳನ್ನು ಯಾವ ಸೂತ್ರವೂ ತುಂಬಿಕೊಡದು.

ಕರಾವಳಿಯ ನೀರನ್ನು ಅಧ್ಯಯನ ಮಾಡುವ ಗೆಳೆಯರಲ್ಲಿ, ಅದಕ್ಕೆ ಹಣ ಮಂಜೂರು ಮಾಡುವವರಲ್ಲಿ ನನ್ನ ಕೇಳಿಕೆ ಇಷ್ಟೇ: ಬೋಟು ಹೋಗದಿದ್ದರೆ ಅಳಿವೆಯ ಸೇತುವೆಯ ಮೇಲಿಂದಾದರೂ ಜೂನ್, ಜುಲೈನಲ್ಲಿ ವಾರಕ್ಕೊಮ್ಮೆ ನೀರು ತೆಗೆಯಿರಿ.